ಯಜಮಾನನ ಕೈ ಬರಿದಾದರೆ ಹಲಗೆ ಓಡೀತೇ?

(ಮೂಡುಬಿದಿರೆಯಲ್ಲಿ ಕಂಬಳಪ್ರಿಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯವರು ತುಂಬಿರುವ ಸಭೆಯಲ್ಲಿ ಕಂಬಳದ ಬಗ್ಗೆ ಮಾತಾಡುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಹಾಗಾಗಿ ಕೋಣಗಳ ವಿಚಾರವನ್ನು ನಿಮಗೇ ಬಿಟ್ಟು, ಕಂಬಳದ ಇನ್ನೊಂದು ಭಾಗವನ್ನು ಎತ್ತಿಕೊಳ್ಳುತ್ತೇನೆ. ಅದು ಲೆಕ್ಕಪುಸ್ತಕ. ಕರೆಯ ಬಳಿ ಇದರ ಮಾತು ಬಂದರೆ ಜನ ಮೆಲ್ಲಗೆ ಜಾಗ ಬದಲಿಸುತ್ತಾರೆ. ಇಲ್ಲಿ ಬಾಗಿಲು ಒಂದೇ ಇರುವುದರಿಂದ ನನಗೆ ಸ್ವಲ್ಪ ಧೈರ್ಯ.

ಕಂಬಳ ನೋಡದವರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ನಾಲ್ಕು ಬಗೆಯ ಓಟಗಳಲ್ಲಿ ಹಗ್ಗ ಮತ್ತು ನೇಗಿಲಿನಲ್ಲಿ ಮನುಷ್ಯ ಕೋಣಗಳ ಹಿಂದೆ ಓಡುತ್ತಾನೆ. ಅಡ್ಡಹಲಗೆ ಮತ್ತು ಕನೆಹಲಗೆಯಲ್ಲಿ ಅವನು ಓಡುವುದಿಲ್ಲ, ಹಲಗೆಯ ಮೇಲೆ ನಿಂತು ಹೋಗುತ್ತಾನೆ. ಕನೆಹಲಗೆಯಂತೂ ಕಾಲೂರುವಷ್ಟೇ ಅಗಲದ ಮರದ ತುಂಡು. ಕೋಣಗಳು ಎಳೆದ ರಭಸಕ್ಕೆ ಅದರಲ್ಲಿ ಕೊರೆದ ತೂತುಗಳಿಂದ ಕೆಸರುನೀರು ಚಿಮ್ಮಿ, ಮೇಲೆ ಕಟ್ಟಿದ ನಿಶಾನೆಯ ಬಟ್ಟೆಯನ್ನು ಮುಟ್ಟಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರದ ಲೆಕ್ಕ. ಪೇಟೆಯ ಮಕ್ಕಳು ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಿ ದುಡ್ಡು ಕೊಟ್ಟು ಕೂರುವ 'ರೈಡ್' ಉಂಟಲ್ಲ, ನಮ್ಮ ಮಣ್ಣಿನ ರೈಡ್ ಎಂದರೆ ಇದು. ಕೂರುವವನು ಒಬ್ಬ, ನೋಡುವವರು ಸಾವಿರಾರು ಎನ್ನುವುದಷ್ಟೇ ವ್ಯತ್ಯಾಸ.

ಈಗ ಕರೆಯ ಸುತ್ತ ಒಮ್ಮೆ ಕಣ್ಣಾಡಿಸಿ. ಸ್ವಾಗತದ ಕಮಾನು, ಬ್ಯಾನರು, ವೀಕ್ಷಕ ವಿವರಣೆಯ ನಡುನಡುವೆ ಬರುವ ಕೃತಜ್ಞತೆ, ಬಹುಮಾನದ ಚಿನ್ನ. ಎಲ್ಲದರ ಹಿಂದೆಯೂ ಒಂದೊಂದು ವ್ಯವಹಾರದ ಹೆಸರಿದೆ. ಬಿಲ್ಡರು, ಚಿನ್ನದಂಗಡಿ, ಹೋಟೆಲು, ಮುಂಬಯಿಯಲ್ಲೋ ಗಲ್ಫಿನಲ್ಲೋ ದುಡಿದು ಮುಂದೆ ಬಂದ ಊರಿನವರು. ತಪ್ಪೇನಿಲ್ಲ. ಆದರೆ ನಾಳೆ ಆ ವ್ಯವಹಾರವೇ ಮುಗ್ಗರಿಸಿದರೆ? ಪ್ರಾಯೋಜಕನ ಸಾಲ ಕರೆಯವರೆಗೆ ಹರಿದು ಬಂದೀತೇ? ಈ ಪ್ರಶ್ನೆಗೆ ಮೊದಲು ದೂರದ ಊರಿನಿಂದ ಉತ್ತರ ತರುತ್ತೇನೆ. ರೈಡ್‌ಗಳಿಗೆ ಕಂಪನಿಗಳ ಹೆಸರು ಅಂಟಿಸುವುದನ್ನು ಶಾಸ್ತ್ರದ ಹಾಗೆ ಬೆಳೆಸಿದವರು ಅಮೆರಿಕದವರು. ಅವರ ಪೆಟ್ಟಿನಿಂದ ನಮಗೆ ಕಲಿಯಲಿಕ್ಕುಂಟು.

ಫ್ಲಾರಿಡಾದ ಡಿಸ್ನಿ ವರ್ಲ್ಡಿನಲ್ಲಿ 1972ರಲ್ಲಿ ಒಂದು ರೈಡ್ ಶುರುವಾಯಿತು. 'ಇಫ್ ಯು ಹ್ಯಾಡ್ ವಿಂಗ್ಸ್' ಎಂದು ಅದರ ಹೆಸರು, ನಿನಗೆ ರೆಕ್ಕೆ ಇದ್ದಿದ್ದರೆ ಎಂದು ಅರ್ಥ. ನಿಲ್ಲದೆ ಸಾಗುವ ಕುರ್ಚಿಯಲ್ಲಿ ಕೂತರೆ ಗೋಡೆಯ ಮೇಲಿನ ಚಿತ್ರಗಳಲ್ಲಿ ಕೆರಿಬಿಯನ್, ಮೆಕ್ಸಿಕೊ ಎಲ್ಲ ಸುತ್ತಿ ಬರಬಹುದು. ಖರ್ಚು ಕೊಟ್ಟದ್ದು ಈಸ್ಟರ್ನ್ ಏರ್‌ಲೈನ್ಸ್ ಎಂಬ ವಿಮಾನ ಕಂಪನಿ. ಅಲ್ಲಿ ಬೇರೆ ರೈಡ್‌ಗಳಿಗೆ ಟಿಕೆಟು ಹರಿಯುತ್ತಿದ್ದ ಕಾಲದಲ್ಲೂ ಇದಕ್ಕೆ ಟಿಕೆಟು ಬೇಕಿರಲಿಲ್ಲ. ಜಾಹೀರಾತಿಗೆ ಯಾರು ಟಿಕೆಟು ಕೊಳ್ಳುತ್ತಾರೆ ಹೇಳಿ! ಎಂಬತ್ತರ ದಶಕದಲ್ಲಿ ಕಂಪನಿ ಸಾಲದಲ್ಲೂ ಕಾರ್ಮಿಕರ ಜಗಳದಲ್ಲೂ ಸಿಕ್ಕಿಬಿತ್ತು. 1986ರಲ್ಲಿ ಅದನ್ನು ಬೇರೆಯವರು ಕೊಂಡರು. 1987ರಲ್ಲಿ ಈಸ್ಟರ್ನ್ ಪ್ರಾಯೋಜಕತ್ವ ಬಿಟ್ಟಿತು. ಕುರ್ಚಿಗಳು ನಿಲ್ಲಲಿಲ್ಲ. ಆದರೆ ಗೋಡೆಯಿಂದ ಕಂಪನಿಯ ಗುರುತು ಹೋಯಿತು, ಹಾಡು ಬದಲಾಯಿತು, ರೈಡಿನ ಹೆಸರೂ ಬದಲಾಗಿ 'ಇಫ್ ಯು ಕುಡ್ ಫ್ಲೈ' ಎಂದಾಯಿತು. ಎರಡು ವರ್ಷ ಕಳೆಯುವುದರೊಳಗೆ ಅದೂ ಮುಚ್ಚಿತು. 1989ರಲ್ಲಿ ಅದೇ ಜಾಗದಲ್ಲಿ ಡೆಲ್ಟಾ ಎಂಬ ಇನ್ನೊಂದು ವಿಮಾನ ಕಂಪನಿಯ ರೈಡ್ ಬಂತು. ಈಸ್ಟರ್ನ್ ಅದೇ ವರ್ಷ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು, 1991ರ ಜನವರಿಯಲ್ಲಿ ಹಾರಾಟವನ್ನೇ ನಿಲ್ಲಿಸಿತು.

ಇನ್ನೊಂದು ಉದಾಹರಣೆ ಇದಕ್ಕೆ ತಿರುಗುಮುರುಗು. ಅಲ್ಲಿಯೇ 'ಟೆಸ್ಟ್ ಟ್ರ್ಯಾಕ್' ಎಂಬ ಕಾರಿನ ರೈಡ್ 1999ರಲ್ಲಿ ತೆರೆಯಿತು, ಜನರಲ್ ಮೋಟಾರ್ಸ್ ಅದರ ಪ್ರಾಯೋಜಕ. 2009ರ ಜೂನ್‌ನಲ್ಲಿ ಆ ಮಹಾಕಂಪನಿಯೇ ದಿವಾಳಿ ಅರ್ಜಿ ಹಾಕಿದಾಗ ರೈಡ್ ಮುಚ್ಚಿಯೇ ಹೋಗುತ್ತದೆ ಎಂದುಕೊಂಡವರಿದ್ದರು. ಮುಚ್ಚಲಿಲ್ಲ. ಅಮೆರಿಕ ಸರಕಾರದ ಹಣದಿಂದ ಕಂಪನಿ ಎದ್ದು ಕೂತಿತು, ಪ್ರಾಯೋಜಕತ್ವ ಮುಂದುವರಿಯಿತು. 2012ರಲ್ಲಿ ಷೆವರ್ಲೆ ಹೆಸರಿನಲ್ಲಿ ರೈಡನ್ನು ಹೊಸದಾಗಿ ಕಟ್ಟಿದರು, 2025ರಲ್ಲಿ ಮತ್ತೊಮ್ಮೆ. ಯಂತ್ರವೂ ಜಾಗವೂ ಪಾರ್ಕಿನದು, ಕಂಪನಿ ಕೊಡುವುದು ಹೆಸರಿನ ಬಾಡಿಗೆ. ಬಾಡಿಗೆದಾರನಿಗೆ ಕಷ್ಟ ಬಂದರೆ ಮನೆ ಬೀಳುವುದಿಲ್ಲ. ಆದರೆ ಬಾಡಿಗೆ ಬರದ ಮನೆಗೆ ಸುಣ್ಣ ಬಳಿಯುವವರೂ ಇರುವುದಿಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಅಂಥ ಕಷ್ಟವೇನೂ ಇರಲಿಲ್ಲ. ಆದರೂ 1993ರಲ್ಲಿ ಅದು ಕೈಬಿಟ್ಟ 'ಹೊರೈಜನ್ಸ್' ಎಂಬ ರೈಡಿಗೆ ಹೊಸ ಯಜಮಾನ ಸಿಗಲಿಲ್ಲ. ಮುಚ್ಚಿ, ತೆರೆದು, 1999ರಲ್ಲಿ ಕಾಯಮ್ಮಾಗಿ ಮುಚ್ಚಿತು. ಆ ಕಟ್ಟಡವೂ ಈಗ ಇಲ್ಲ.

ಇಷ್ಟು ದೂರ ಯಾಕೆ, ನಮ್ಮ ಬಂಟ್ವಾಳದ ಮೂಲದ ಕುಟುಂಬದ್ದೇ ಒಂದು ಕಥೆ ಉಂಟಲ್ಲ. ಮಲ್ಯರ ಮನೆತನದ ಬೇರು ಬಂಟ್ವಾಳದಲ್ಲಿ. ವಿಜಯ ಮಲ್ಯರು 2007ರಲ್ಲಿ ಪಾಲುದಾರರೊಡನೆ ಒಂದು ಫಾರ್ಮುಲಾ ಒನ್ ಕಾರು ತಂಡವನ್ನು ಕೊಂಡು 'ಫೋರ್ಸ್ ಇಂಡಿಯಾ' ಎಂದು ಹೆಸರಿಟ್ಟರು. ಕಾರಿನ ಮೈಮೇಲೆ ಕಿಂಗ್‌ಫಿಷರ್ ಹಕ್ಕಿ. 2011ರಲ್ಲಿ ಸಹಾರಾ ಸಂಸ್ಥೆ ಪಾಲು ಪಡೆಯಿತು. ಮರುವರ್ಷ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ವಿಮಾನಗಳು ನೆಲಕ್ಕಿಳಿದವು, ಸಹಾರಾ ಕೂಡ ಕೋರ್ಟು ಕಟ್ಟೆ ಹತ್ತಿತು. ಇಬ್ಬರು ಯಜಮಾನರಿಗೂ ಒಟ್ಟಿಗೇ ಕಷ್ಟ! ಆ ತಂಡದ ಕಾರುಗಳು ಮಾತ್ರ ಆ ವರ್ಷಗಳಲ್ಲೇ ಚೆನ್ನಾಗಿ ಓಡಿದವು. 2016 ಮತ್ತು 2017ರಲ್ಲಿ ಜಗತ್ತಿನ ತಂಡಗಳಲ್ಲಿ ನಾಲ್ಕನೆಯ ಸ್ಥಾನ. ಕೊನೆಗೆ 2018ರ ಜುಲೈಯಲ್ಲಿ ಕಾರುಗಳು ನಿಲ್ಲುವ ಪರಿಸ್ಥಿತಿ ಬಂದಾಗ ತಂಡ ಕೋರ್ಟಿನ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಕೆನಡಾದ ಒಬ್ಬ ಶ್ರೀಮಂತರ ಗುಂಪು ಕೊಂಡಿತು. ನಾನೂರಕ್ಕೂ ಹೆಚ್ಚು ಮಂದಿಯ ಕೆಲಸ ಉಳಿಯಿತು, 'ಇಂಡಿಯಾ' ಎಂಬ ಹೆಸರು ಉಳಿಯಲಿಲ್ಲ. ಅದೇ ತಂಡ 2021ರಿಂದ ಆಸ್ಟನ್ ಮಾರ್ಟಿನ್ ಎಂಬ ಹೆಸರಿನಲ್ಲಿ ಓಡುತ್ತಿದೆ.

ಇನ್ನು ನಮ್ಮ ಕೆಸರಿಗೆ ಇಳಿಯೋಣ. ಕಂಬಳಕ್ಕೂ ಒಮ್ಮೆ ಇಂಥದೇ ಪೆಟ್ಟು ಬಿದ್ದಿತ್ತು. ಅದೂ ಒಂದು ಪ್ರಾಯೋಜಕನಿಗಲ್ಲ, ಜಿಲ್ಲೆಯ ಎಲ್ಲ ಪ್ರಾಯೋಜಕರಿಗೂ ಒಟ್ಟಿಗೇ. ದಿನಾಂಕ ಹೇಳಿದರೆ ಇಲ್ಲಿರುವ ಹಿರಿಯರಿಗೆ ನೆನಪಾದೀತು, 1974ರ ಮಾರ್ಚ್ 1. ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದ ದಿನ.

ಅದಕ್ಕಿಂತ ಮೊದಲು ಕಂಬಳದ ಪ್ರಾಯೋಜಕರು ಯಾರು? ವೇಣೂರಿನ ಅಜಿಲರು, ಮೂಡುಬಿದಿರೆಯ ಚೌಟರು, ಬಂಗಾಡಿಯ ಬಂಗರು ಎಂದು ಈ ನೆಲವನ್ನು ಆಳಿದ ಮನೆತನಗಳಿದ್ದವು. ಅರಸೊತ್ತಿಗೆ ಹೋದ ಮೇಲೆ ಬೀಡು, ಗುತ್ತುಗಳ ಯಜಮಾನಿಕೆ ಉಳಿಯಿತು. ಆ ಮನೆಗಳಿಗೆ ವರಮಾನವೆಂದರೆ ಗೇಣಿಯ ಅಕ್ಕಿ. ಏಣೆಲು ಬೆಳೆಯ ಕೊಯ್ಲಾಗಿ, ಸುಗ್ಗಿಯ ಬೇಸಾಯಕ್ಕೆ ಗದ್ದೆ ಹದವಾಗುವ ಹೊತ್ತಿಗೆ ಮನೆಯ ದೊಡ್ಡ ಗದ್ದೆಯಲ್ಲಿ ಕಂಬಳ. ದೈವಕ್ಕೆ ಪ್ರಾರ್ಥನೆ, ನಾಗನಿಗೆ ತಂಬಿಲ, ಗದ್ದೆಯ ನಡುವೆ ಪೂಕರೆ. ಬಳಿಕ ಕೋಣಗಳ ಸರದಿ. ಒಕ್ಕಲುಗಳು ಕೋಣ ತರಬೇಕು, ಆಳು ಬರಬೇಕು, ಎಲ್ಲರಿಗೂ ಗುತ್ತಿನ ಮನೆಯಲ್ಲಿ ಊಟ. ಹೊರಗಿನಿಂದ ನೋಡಿದವರಿಗೆ ಯಜಮಾನನೇ ಎಲ್ಲ ಖರ್ಚು ಮಾಡಿದಂತೆ ಕಾಣುತ್ತಿತ್ತು. ಆದರೆ ಆ ಊಟದ ಅಕ್ಕಿಯೂ ಉಣ್ಣುವವರೇ ಅಳೆದುಕೊಟ್ಟ ಗೇಣಿ. ಇದನ್ನು ನಾವು ಮರೆಯಬಾರದು. ಅದರಲ್ಲೂ ಕೊರಗರ ಪಾಲು ನೆನಪಿಸಿಕೊಂಡರೆ ತಲೆ ತಗ್ಗುತ್ತದೆ. ಕಂಬಳದ ಹಿಂದಿನ ರಾತ್ರಿ ಇಬ್ಬನಿಯಲ್ಲಿ ಕೂರಿಸುವ 'ಪನಿಕುಲ್ಲುನಿ', ಕೋಣಗಳಿಗಿಂತ ಮೊದಲು ಗದ್ದೆಗೆ ಅವರನ್ನು ಓಡಿಸುವುದು, ಡೋಲು ಬಾರಿಸಿದ್ದಕ್ಕೆ ಎಂಜಲು. ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬರಲು 2000ದವರೆಗೆ ಕಾಯಬೇಕಾಯಿತು. ಹಳೆಯ ಯಜಮಾನಿಕೆಯ ವೈಭವವನ್ನು ಹೊಗಳುವವರು ಈ ಬಾಕಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಡಿಕ್ಲರೇಶನ್ ಬಂತು. ನಮ್ಮ ಜಿಲ್ಲೆಯಲ್ಲಿ ಆ ಒಂದು ಇಂಗ್ಲಿಷ್ ಶಬ್ದ ಹಳ್ಳಿಯ ಅಜ್ಜಿಯ ಬಾಯಲ್ಲೂ ಇತ್ತು. ಗೇಣಿಗೆ ಮಾಡಿದವರು ಅರ್ಜಿ ಹಾಕಿದರು, ಭೂನ್ಯಾಯಮಂಡಳಿ ತೀರ್ಪು ಕೊಟ್ಟಿತು, ಉಳುವವನು ಒಡೆಯನಾದ. ನ್ಯಾಯವಾದ ಕೆಲಸ. ಅದೇ ಹೊತ್ತಿಗೆ ಎಷ್ಟೋ ಗುತ್ತುಗಳ ಅಂಗಳಕ್ಕೆ ಗೇಣಿಯ ಅಕ್ಕಿಮುಡಿ ಬರುವುದು ನಿಂತಿತು. ಕೆಲವೆಡೆ ಕಂಬಳ ನಡೆಯುವ ಗದ್ದೆಯೇ ಒಕ್ಕಲಿನ ಹೆಸರಿಗೆ ಹೋಯಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಮುಖ್ಯ ಪ್ರಾಯೋಜಕ ದಿವಾಳಿ!

ಆಗ ಕಂಬಳ ನಿಂತುಹೋಯಿತೇ? ಕೆಲವು ಕಡೆ ಹೌದು. ಗದ್ದೆಗೆ ಅಡಿಕೆ ಬಂತು, ಆಮೇಲೆ ರಬ್ಬರು ಬಂತು, ಕಂಬಳಗದ್ದೆ ಎಂಬ ಹೆಸರು ಮಾತ್ರ ಉಳಿಯಿತು. ಇನ್ನು ಕೆಲವು ಕಡೆ ಕಂಬಳ ಸಣ್ಣದಾಯಿತು, ಸಾಯಲಿಲ್ಲ. ಒಂದು ಜೋಡಿ ಕೋಣ ಇಳಿಸಿ, ಪೂಕರೆ ಹಾಕಿ, ಕಾಯಿ ಒಡೆದು ಕೈಮುಗಿಯುವುದು. ನನ್ನ ಹುಡುಗುತನದಲ್ಲಿ ಹೀಗೆ ಬಡವಾದ ಒಂದು ಮನೆಯ ಕಂಬಳ ನೋಡಿದ್ದೇನೆ. ಮನೆಯ ಮಾಡಿಗೆ ಹಂಚು ಬದಲಿಸುವ ಶಕ್ತಿಯೂ ಇರಲಿಲ್ಲ. "ಈ ವರ್ಷ ಖರ್ಚಿಗೆ ಏನು ಮಾಡಿದ್ರಿ ಅಣ್ಣಾ?" ಎಂದು ನಮ್ಮ ತಂದೆ ಕೇಳಿದ್ದಕ್ಕೆ ಕೋಣ ಹಿಡಿದ ಹಿರಿಯರು ಹೇಳಿದ್ದು ಇಷ್ಟೇ: "ಖರ್ಚು ಎಂಥದ್ದು ಮಾರಾಯ್ರೆ, ಗದ್ದೆ ಉಂಟು, ನೀರುಂಟು. ಇಳಿಸದಿದ್ದರೆ ದೈವ ಕೇಳುತ್ತದೆ." ಆ ಹಿರಿಯರು ಯಜಮಾನರಲ್ಲ, ಆ ಮನೆಯ ಹಳೆಯ ಒಕ್ಕಲು. ಗದ್ದೆ ಅವರ ಹೆಸರಿಗೆ ಆಗಿತ್ತು. ಗದ್ದೆಯ ಜೊತೆಗೆ ಹರಕೆಯೂ ಅವರ ತಲೆಗೆ ಬಂದಿತ್ತು. ಅದನ್ನು ಅವರು ಭಾರವೆಂದು ತಿಳಿಯಲಿಲ್ಲ, ತನ್ನ ಪಾಲಿಗೆ ಬಂದ ಮರ್ಯಾದೆ ಎಂದೇ ತಿಳಿದರು. ಒಡೆತನ ಎಂದರೆ ಏನೆಂದು ನನಗೆ ಆ ದಿನ ಸ್ವಲ್ಪ ಅರ್ಥವಾಯಿತು.

ಮೂರನೆಯ ದಾರಿ ಜೋಡುಕರೆ. ಭೂಸುಧಾರಣೆಗಿಂತ ತುಸು ಮೊದಲೇ ಹುಟ್ಟಿತ್ತು, ಆದರೆ ಬೆಳೆದದ್ದು ಆಮೇಲೆ. ಮನೆಯ ಯಜಮಾನನ ಜಾಗಕ್ಕೆ ಸಮಿತಿ ಬಂತು, ಗದ್ದೆಯ ಜಾಗಕ್ಕೆ ಅಕ್ಕಪಕ್ಕ ಎರಡು ಕರೆ ಬಂತು, ಹಗಲಿಗೆ ಹೊನಲು ಬೆಳಕಿನ ರಾತ್ರಿ ಸೇರಿತು. ಇಲ್ಲಿ ನಮ್ಮ ಹಿರಿಯರು ಮಾಡಿದ ಒಂದು ಕೆಲಸವನ್ನು ನಾನು ಮತ್ತೆ ಮತ್ತೆ ಮೆಚ್ಚುತ್ತೇನೆ. ಕರೆಗಳಿಗೆ ಅವರು ದಾನಿಯ ಹೆಸರಿಡಲಿಲ್ಲ, ಜೋಡಿಗಳ ಹೆಸರಿಟ್ಟರು. ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಸೂರ್ಯ-ಚಂದ್ರ. ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ, ಕಕ್ಯಪದವಿನಲ್ಲಿ ಸತ್ಯ-ಧರ್ಮ. ವಿವರಣೆಕಾರ ರಾತ್ರಿಯಿಡೀ ಕೂಗುವುದು ಆ ಹೆಸರುಗಳನ್ನೇ. ಅಮೆರಿಕದ ರೈಡಿಗೆ ಪ್ರಾಯೋಜಕ ಹೋದಾಗ ಹೆಸರೂ ಹೋಯಿತು, ಹಾಡೂ ಹೋಯಿತು. ನಮ್ಮಲ್ಲಿ ಪ್ರಾಯೋಜಕ ಹೋದರೆ ಒಂದು ಬ್ಯಾನರು ಹೋಗುತ್ತದೆ. ಚಂದ್ರ ಕರೆಯಲ್ಲಿ ಕೋಣ ಓಡುತ್ತದೆ.

ಹಾಗಾದರೆ ನಮಗೆ ಚಿಂತೆ ಬೇಡವೇ? ಬೇಕು. ಅಪಾಯ ಇರುವುದು ಬ್ಯಾನರಿನಲ್ಲಿ ಅಲ್ಲ, ಹಟ್ಟಿಯಲ್ಲಿ.

ಕಂಬಳದ ಖರ್ಚಿನಲ್ಲಿ ಪ್ರಾಯೋಜಕ ಹೊರುವುದು ಒಂದು ದಿನ, ಒಂದು ರಾತ್ರಿಯದ್ದು. ಉಳಿದ ದಿನಗಳೆಲ್ಲ ಕೋಣದ ಯಜಮಾನನ ತಲೆಯ ಮೇಲೆ. ಹುರುಳಿ ಬೇಯಿಸಬೇಕು, ಎಣ್ಣೆ ತಿಕ್ಕಬೇಕು, ಈಜಿಸಬೇಕು, ನೋಡಿಕೊಳ್ಳುವ ಆಳಿಗೆ ಸಂಬಳ ಕೊಡಬೇಕು, ಕಂಬಳದಿಂದ ಕಂಬಳಕ್ಕೆ ಲಾರಿ. ಒಂದು ಕಾಲದಲ್ಲಿ ಕೋಣ ಉಳುತ್ತಿತ್ತು, ತನ್ನ ಹುಲ್ಲನ್ನು ತಾನೇ ದುಡಿಯುತ್ತಿತ್ತು. ಟಿಲ್ಲರು ಬಂದ ಮೇಲೆ ಅದಕ್ಕೆ ಓಟ ಬಿಟ್ಟರೆ ಬೇರೆ ಕೆಲಸವಿಲ್ಲ. ಗೆದ್ದರೆ ಸಿಗುವ ಪವನಿನ ಲೆಕ್ಕದ ಚಿನ್ನದಿಂದ ವರ್ಷದ ಹುರುಳಿಯ ಬಾಬ್ತು ತೀರುವುದಿಲ್ಲ. ಇಲ್ಲಿರುವ ಯಜಮಾನರು ನಗುತ್ತಿದ್ದಾರೆ, ಅಂದರೆ ನಾನು ಹೇಳಿದ್ದು ಸರಿ ಎಂದಾಯಿತು. ಕನೆಹಲಗೆಗೆ ಬರುವ ಜೋಡಿಗಳು ಬೆರಳೆಣಿಕೆಯಷ್ಟು. ಸಮಿತಿ ಬಡವಾದರೆ ಮುಂದಿನ ವರ್ಷ ಊಟದಲ್ಲಿ ಒಂದು ಪದಾರ್ಥ ಕಡಿಮೆಯಾದೀತು. ಕನೆಹಲಗೆಯ ಕೋಣ ಸಾಕುವ ಎರಡು ಮನೆಗಳ ವ್ಯವಹಾರ ಮುಳುಗಿದರೆ ನಿಶಾನೆಗೆ ನೀರು ಹಾರಿಸುವವರೇ ಇರುವುದಿಲ್ಲ.

ಇದು ಬರಿಯ ಊಹೆಯಲ್ಲ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟ ಮೇಲೆ ಕಂಬಳದ ಮೇಲೂ ಕತ್ತಿ ತೂಗಿತು. 2016ರ ನವೆಂಬರಿನಲ್ಲಿ ಹೈಕೋರ್ಟಿನ ತಡೆ ಬಂದು ಆ ಋತು ಬರಿದಾಯಿತು. ಕೋಣಕ್ಕೆ ಕೋರ್ಟಿನ ತಡೆ ಗೊತ್ತಾಗುತ್ತದೆಯೇ? ಅದಕ್ಕೆ ಹೊತ್ತು ಹೊತ್ತಿಗೆ ಹುರುಳಿ ಬೇಕು. 2017ರ ಜನವರಿಯಲ್ಲಿ ಇದೇ ಮೂಡುಬಿದಿರೆಗೆ ಕೋಣಗಳನ್ನು ಕರೆತಂದು ನೀವು ಮಾಡಿದ ಪ್ರತಿಭಟನೆಯನ್ನು ರಾಜ್ಯವೇ ನೋಡಿತು. ಅದೇ ವರ್ಷ ಸುಗ್ರೀವಾಜ್ಞೆ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ, 2023ರ ಮೇ 18ರಂದು ಸಂವಿಧಾನ ಪೀಠದ ತೀರ್ಪು. ಕಾನೂನು ಗೆದ್ದಿತು. ನಡುವಿನ ಆ ಬರಿದಾದ ಋತುವಿನಲ್ಲಿ ಕೋಣ ಸಾಕಿದವರಿಗೆ ಯಾವ ಪ್ರಾಯೋಜಕನೂ ಬ್ಯಾನರು ಕಟ್ಟಲಿಲ್ಲ.

ಓಟಗಾರರ ಮಾತನ್ನೂ ಹೇಳಲೇಬೇಕು. 2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ನಮ್ಮ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಜಗತ್ತಿನ ಪತ್ರಿಕೆಗಳು ಉಸೇನ್ ಬೋಲ್ಟ್ ಹೆಸರನ್ನು ಪಕ್ಕದಲ್ಲಿಟ್ಟವು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು ಆ ವೇಗವನ್ನೂ ಮೀರಿದರು. ಕೋಣದ ಜೊತೆಗಿನ ಓಟವನ್ನು ಬೋಲ್ಟನ ಓಟಕ್ಕೆ ಹೋಲಿಸುವುದು ಸರಿಯೇ ಎಂಬ ಚರ್ಚೆ ಇರಲಿ. ಶ್ರೀನಿವಾಸ ಗೌಡರು ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಕಟ್ಟಡ ಕೆಲಸ. ಹಲಗೆಯ ಮೇಲೆ ನಿಂತವನ ಕಾಲು ಮುರಿದರೆ ಯಾವ ಬಾಬ್ತಿನಿಂದ ಕೊಡುತ್ತೀರಿ ಎಂದು ನಿಮ್ಮ ನಿಮ್ಮ ಸಮಿತಿಯ ಲೆಕ್ಕಪುಸ್ತಕ ತೆರೆದು ನೋಡಿ.

ಯಕ್ಷಗಾನದವರು ಇದೇ ಪರೀಕ್ಷೆಯನ್ನು ನಮಗಿಂತ ಮೊದಲು ಬರೆದಿದ್ದಾರೆ. ಡೇರೆ ಮೇಳಗಳ ಕಾಲ ನಿಮಗೆ ನೆನಪಿದೆ. ಒಬ್ಬ ಯಜಮಾನನ ಬಂಡವಾಳ, ಟಿಕೆಟಿನ ಹಣ. ಕಲ್ಲಾಡಿ ಮನೆತನದವರ ಕರ್ನಾಟಕ ಮೇಳ, ಸುರತ್ಕಲ್ ಮೇಳ ಎಂದರೆ ಏನು ಜನ, ಏನು ಕಲಾವಿದರು! ಆದರೆ ಕಲಾವಿದರ ಸಂಬಳ, ಲಾರಿ, ಡೇರೆ ಎಲ್ಲದರ ಭಾರ ಒಂದೇ ಹೆಗಲ ಮೇಲೆ, ಒಂದು ಅಕಾಲ ಮಳೆ ಬಂದರೆ ಆ ರಾತ್ರಿಯ ಕಲೆಕ್ಷನ್ ನೀರುಪಾಲು. ಆ ಎರಡೂ ಮೇಳಗಳು ಇಂದು ಇಲ್ಲ. ಕಟೀಲಿನ ಮೇಳಗಳು ಮಾತ್ರ ಹೆಚ್ಚುತ್ತಾ ಬಂದಿವೆ, ಆಟ ಆಡಿಸಬೇಕೆಂದರೆ ವರ್ಷಗಟ್ಟಲೆ ಕಾಯಬೇಕು. ಅಲ್ಲಿ ಪ್ರಾಯೋಜಕ ಒಬ್ಬನಲ್ಲ, ರಾತ್ರಿಗೊಬ್ಬ. ಈ ಮನೆಯವರಿಗೆ ಈ ವರ್ಷ ಕೈ ಬರಿದಾದರೆ ಪಟ್ಟಿಯಲ್ಲಿ ಮುಂದಿನ ಮನೆಯವರಿದ್ದಾರೆ. ಹರಕೆ ಆಟಗಳಿಂದ ಕಲೆಯ ಮಟ್ಟ ಇಳಿಯಿತು ಎಂದು ದೂರುವ ಮಿತ್ರರಿದ್ದಾರೆ. ಅದರಲ್ಲಿ ಸ್ವಲ್ಪ ನಿಜವೂ ಇರಬಹುದು, ಪ್ರೇಕ್ಷಕರೇ ಇಲ್ಲದ ಆಟಗಳನ್ನು ನಾನೂ ಕಂಡಿದ್ದೇನೆ. ಆದರೂ ಚೆಂಡೆ ನಿಂತಿಲ್ಲವಲ್ಲ.

2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತು. ಕರೆಗೆ ಇಟ್ಟ ಹೆಸರು ರಾಜ-ಮಹಾರಾಜ. ಜನ ಕಿಕ್ಕಿರಿದರು, ಕಂಪನಿಗಳ ಕಣ್ಣೂ ಇತ್ತ ಹೊರಳಿತು. ಇನ್ನು ಮುಂದೆ ದೊಡ್ಡ ಹಣ ಬರುತ್ತದೆ, ಬರಲಿ. ಇಷ್ಟರಲ್ಲೇ ಯಾರಾದರೂ ಸೂಟು ಹಾಕಿದವರು ನಿಮ್ಮ ಮುಂದೆ ಕೂತು, ಐದು ವರ್ಷದ ಖರ್ಚು ಪೂರ್ತಿ ನಮ್ಮದು, ಕರೆಗೆ ನಮ್ಮ ಕಂಪನಿಯ ಹೆಸರಿಡಿ ಎಂದು ಕೇಳಿಯಾರು. ಆಗ ಈಸ್ಟರ್ನ್ ಕಂಪನಿಯ ರೆಕ್ಕೆಯ ಕಥೆ ಹೇಳಿ, ಚಹಾ ಕೊಟ್ಟು, ಆ ಹಣದಲ್ಲಿ ಕೋಣಗಳ ಹುರುಳಿಗೂ ಓಟಗಾರರ ವಿಮೆಗೂ ಒಂದು ನಿಧಿ ಇಡುತ್ತೀರಾ ಎಂದು ತಿರುಗಿ ಕೇಳಿ. ಕೊಡುತ್ತೇವೆ ಎಂದರೆ ಅವರ ಬ್ಯಾನರನ್ನು ಮಂಜೊಟ್ಟಿಯ ಹತ್ತಿರವೇ ಕಟ್ಟಬಹುದು, ಕೋಣ ಬಂದು ನಿಲ್ಲುವಲ್ಲಿ ಎಲ್ಲರಿಗೂ ಕಾಣುತ್ತದೆ.

ನಾನು ಹೇಳಿದ ಆ ಬಡ ಕಂಬಳದ ಗದ್ದೆಗೆ ಹೋದ ವರ್ಷ ಮತ್ತೆ ಹೋಗಿದ್ದೆ. ಆ ಹಿರಿಯರು ತೀರಿಕೊಂಡಿದ್ದಾರೆ. ಮೊಮ್ಮಗ ಮಂಗಳೂರಿನಲ್ಲಿ ಕೆಲಸ ಮಾಡುತ್ತಾನೆ, ಆ ದಿನ ರಜೆ ಹಾಕಿ ಬಂದಿದ್ದ. ಮನೆಯಲ್ಲಿ ಕೋಣ ಇಲ್ಲ. ಪಕ್ಕದ ಊರಿನವರ ಒಂದು ಜೋಡಿಯನ್ನು ಕೇಳಿ ತಂದಿದ್ದರು. ಲಾರಿ ಬಾಡಿಗೆಯನ್ನು ನಾಲ್ಕು ಮನೆಯವರು ಹಂಚಿಕೊಂಡಿದ್ದರು, ಹಳೆಯ ಗುತ್ತಿನ ಮನೆಯದ್ದೂ ಅದರಲ್ಲಿ ಒಂದು ಪಾಲು.